ದೀಪ ದೊಡ್ಡದು ಮಾಡು

ರೇಷನ್ ಕಾರ್ಡಿನ ಪ್ರಕಾರ ನಮ್ಮ ಮನೆಯಲ್ಲಿ ಮೂರು ಜನ: ನಾನು, ನನ್ನ ಹೆಂಡತಿ, 84 ವರ್ಷದ ನಮ್ಮಮ್ಮ. ಕಳೆದ ವರ್ಷ ವೈಫೈ ಡಬ್ಬಿಯ ಲೆಕ್ಕ ತೆಗೆದು ನೋಡಿದರೆ ಹದಿನೈದು ಸದಸ್ಯರು! ಹನ್ನೊಂದು ಬಲ್ಬು, ಒಂದು ಮಾತಾಡುವ ಡಬ್ಬಿ, ಒಂದು ಟೀವಿ, ಎರಡು ಫೋನು. ಆ ಹದಿನೈದರಲ್ಲಿ ಅಮ್ಮನ ಹೆಸರಿರಲಿಲ್ಲ. ಮನೆ ಇರುವುದು ಅಮ್ಮನ ಹೆಸರಿನಲ್ಲಿ, ಆ ಮಾತು ಬೇರೆ.

ಇದಕ್ಕೆಲ್ಲ ಕಾರಣಪುರುಷ ನಮ್ಮ ಸುಪುತ್ರ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ದಸರಾ ರಜಕ್ಕೆ ಮೈಸೂರಿಗೆ ಬರುವಾಗ ಹಿಂದೆಲ್ಲ ಒಂದು ಕೇಜಿ ಸ್ವೀಟು ತರುತ್ತಿದ್ದವನು ಆ ಸಲ ಒಂದು ರಟ್ಟಿನ ಪೆಟ್ಟಿಗೆ ತಂದ. "ಅಪ್ಪಾ, ಅಜ್ಜಿಗೆ ಮಂಡಿ ನೋವು. ಸ್ವಿಚ್ ಹಾಕೋಕೆ, ತೆಗೆಯೋಕೆ ಅಂತ ದಿನಕ್ಕೆ ಎಷ್ಟು ಸಲ ಏಳಬೇಕು ಹೇಳು? ಇನ್ಮೇಲೆ ಕೂತಲ್ಲಿಂದ್ಲೇ ಒಂದು ಮಾತು ಹೇಳಿದ್ರೆ ಸಾಕು, ದೀಪ ಹತ್ಕೊಳುತ್ತೆ" ಅಂದ. ಮಾತೃಭಕ್ತಿಯ ಹೆಸರಿನಲ್ಲಿ ಬಂದದ್ದನ್ನು ಬೇಡ ಅನ್ನುವುದು ಹೇಗೆ? ಅಲ್ಲದೆ ನಿವೃತ್ತನಾದ ಮೇಲೆ ನನ್ನ ಮಾತಿಗೆ ಏನಾದರೂ ಹೊತ್ತಿಕೊಂಡೀತು ಎಂಬ ಆಸೆಯೇ ಬತ್ತಿಹೋಗಿತ್ತು. ಹೂಂ ಅಂದೆ.

ಮೊದಲು ಗೋಡೆಯ ಸ್ವಿಚ್ಚುಗಳನ್ನೇ ಬದಲಾಯಿಸೋಣ ಎಂದು ಎಲೆಕ್ಟ್ರಿಷಿಯನ್ನನ್ನು ಕರೆಸಿದೆವು. ಆತ ನಡುಮನೆಯ ಬೋರ್ಡು ಬಿಚ್ಚಿ, ಟೆಸ್ಟರ್ ಇಟ್ಟು, ತಲೆ ಕೆರೆದುಕೊಂಡ. "ಸಾರ್, ಈ ಬಾಕ್ಸಲ್ಲಿ ಬರೀ ಫೇಸ್ ಬಂದಿದೆ. ನ್ಯೂಟ್ರಲ್ಲೇ ಇಲ್ಲ."

"ನಮ್ಮನೇಲಿ ಯಾರು ತಾನೇ ನ್ಯೂಟ್ರಲ್ ಇದ್ದಾರಪ್ಪಾ? ಒಂದೋ ಅಮ್ಮನ ಕಡೆ, ಇಲ್ಲಾ ಇವಳ ಕಡೆ" ಅಂದೆ. ಒಳಗಿಂದ ಒಂದು ಪಾತ್ರೆ ಸ್ವಲ್ಪ ಜೋರಾಗಿಯೇ ಕೆಳಗೆ ಬಿತ್ತು. ಹಳೇ ಮನೆಗಳ ಕತೆಯೇ ಇಷ್ಟು. ದೀಪಕ್ಕೆ ಮಾತ್ರ ಇರುವ ಬೋರ್ಡಿಗೆ ಆ ಕಾಲದವರು ಎಷ್ಟು ಬೇಕೋ ಅಷ್ಟೇ ತಂತಿ ಎಳೆದಿದ್ದರು. ಬುದ್ಧಿವಂತ ಸ್ವಿಚ್ಚಿಗೆ ತಾನು ಎಚ್ಚರವಾಗಿರಲು ಸದಾ ಒಂದು ಗುಟುಕು ಕರೆಂಟ್ ಬೇಕು, ಅದಕ್ಕೆ ನ್ಯೂಟ್ರಲ್ ಬೇಕು. ಗೋಡೆ ಕೊರೆಸುವುದಕ್ಕೆ ಅಮ್ಮ ಒಪ್ಪಲಿಲ್ಲ. ಹಾಗಾಗಿ ಸ್ವಿಚ್ಚು ದಡ್ಡನಾಗಿಯೇ ಉಳಿಯಿತು, ಬಲ್ಬು ಬುದ್ಧಿವಂತನಾಗಿ ಬಂತು. ಮುಂದಿನ ಜಗಳವೆಲ್ಲ ಈ ಇಬ್ಬರದೇ.

ಆಯುಧಪೂಜೆಯ ದಿನ ಸ್ಕೂಟರಿಗೆ, ಮಿಕ್ಸಿಗೆ, ಈಳಿಗೆಮಣೆಗೆ ಕುಂಕುಮ ಇಟ್ಟ ಅಮ್ಮ ಮಾತಾಡುವ ಡಬ್ಬಿಗೂ ಒಂದು ಬೊಟ್ಟಿಟ್ಟು ಹೂವು ಮುಡಿಸಿದಳು. ಅದು ಸುಮ್ಮನಿತ್ತು. ಅಮ್ಮನ ಮುಂದೆ ಅದು ಸುಮ್ಮನಿದ್ದದ್ದು ಅದೇ ಮೊದಲು, ಅದೇ ಕೊನೆ.

ಆಮೇಲೆ ನಾಮಕರಣ. ಪ್ರತಿಯೊಂದು ಬಲ್ಬಿಗೂ ಹೆಸರಿಡಬೇಕಂತೆ, ಕರೆದರೆ ಓಗೊಡಬೇಕಲ್ಲ. ನಾನು ಹುರುಪಿನಿಂದ ನಡುಮನೆ, ಅಡುಗೆಮನೆ, ದೇವರಮನೆ, ಬಚ್ಚಲು, ಹಿತ್ತಲು ಎಂದು ಪಟ್ಟಿ ಮಾಡಿಕೊಟ್ಟೆ. ನಮ್ಮ ಡಬ್ಬಿಗೆ ಬರುತ್ತಿದ್ದದ್ದು ಇಂಗ್ಲಿಷು, ಹಿಂದಿ. "ಬಚ್ಚಲ ದೀಪ ಹಾಕು" ಎಂದು ನಾನು ಅಪ್ಪಣೆ ಕೊಡಿಸಿದ್ದೇ ತಡ, ಅದು "ಬಚ್ಚನ್" ಎಂದು ಕೇಳಿಸಿಕೊಂಡು ಅಮಿತಾಭ್ ಬಚ್ಚನ್ನರ ಸಿನಿಮಾ ಹಾಡು ಹಾಕಿತು. ಬಚ್ಚಲು ಕತ್ತಲಲ್ಲೇ ಇತ್ತು. ಒಳಗೆ ಸ್ನಾನಕ್ಕೆ ನಿಂತಿದ್ದ ನನ್ನ ಹೆಂಡತಿ ಕಿರುಚಿದ್ದು ಹಾಡಿನಲ್ಲಿ ಸೇರಿಹೋಯಿತು. ಕೊನೆಗೆ ಸೊಸೆ ಬಂದು ಹಾಲ್, ಕಿಚನ್, ಬೆಡ್‌ರೂಮ್ ಒನ್, ಪೂಜಾ ಎಂದು ಹೆಸರು ತಿದ್ದಿದಳು. ನಲವತ್ತು ವರ್ಷ ನಡುಮನೆಯಾಗಿದ್ದದ್ದು ಒಂದೇ ಸಂಜೆಗೆ ಹಾಲ್ ಆಯಿತು. "ಹೆಸರಿಡೋವಾಗ ಪಾಯಸ ಆದ್ರೂ ಮಾಡಬೇಕಿತ್ತು" ಎಂದಳು ಅಮ್ಮ.

ನಿಜವಾದ ತಮಾಷೆ ಆದದ್ದು ಅದೇ ರಾತ್ರಿ. ಅಮ್ಮನಿಗೆ ಇಂಗ್ಲಿಷು ಬಾರದು, ಡಬ್ಬಿಗೆ ಕನ್ನಡ ಬಾರದು. ನಡುವೆ ದುಭಾಷಿ ಎಂಟು ವರ್ಷದ ಮೊಮ್ಮಗಳು. ಊಟವಾಗಿ ಹಾಸಿಗೆ ಹಾಸಿದ ಮೇಲೆ ಅಮ್ಮ ಹೇಳಿದಳು: "ಪುಟ್ಟೀ, ಹೊತ್ತಾಯ್ತು, ದೀಪ ದೊಡ್ಡದು ಮಾಡಮ್ಮ."

ಪುಟ್ಟಿ ಡಬ್ಬಿಯ ಕಡೆ ತಿರುಗಿ ಇಂಗ್ಲಿಷಿನಲ್ಲಿ ಏನೋ ಹೇಳಿದಳು. ಹಾಲಿನ ನಾಲ್ಕೂ ಬಲ್ಬು ಮದುವೆ ಛತ್ರದ ಹಾಗೆ ಝಗ್ ಎಂದವು.

"ಅಯ್ಯೋ, ಕಣ್ಣು ಚುಚ್ಚುತ್ತೆ ಕಣೇ! ದೊಡ್ಡದು ಮಾಡು ಅಂದ್ರೆ..."

"ಮಾಡಿದೆನಲ್ಲ ದೊಡ್ಡಜ್ಜಿ."

"ಎಲ್ಲಿ ಮಾಡಿದೆ? ಇನ್ನೂ ಉರೀತಾ ಇದೆ. ದೊಡ್ಡದು ಮಾಡೇ!"

"ಇದಕ್ಕಿಂತ ದೊಡ್ಡದು ಆಗಲ್ಲ ದೊಡ್ಡಜ್ಜಿ. ಹಂಡ್ರೆಡ್ಡೇ ಲಾಸ್ಟು!"

ನಾನು ನಕ್ಕೂ ನಕ್ಕೂ ಸುಸ್ತಾಗಿ, ಆಮೇಲೆ ಮಗುವಿಗೆ ಬಿಡಿಸಿ ಹೇಳಬೇಕಾಯಿತು. ನಮ್ಮಮ್ಮನ ಬಾಯಲ್ಲಿ "ದೀಪ ಆರಿಸು" ಎಂಬ ಮಾತು ಹುಟ್ಟುವುದೇ ಇಲ್ಲ. ಅದು ಅಶುಭ. ಮನೆಯ ದೀಪ ಆರುವುದೆಂದರೆ ಏನು ಅರ್ಥ ಎಂದು ಆ ಕಾಲದವರಿಗೆ ಗೊತ್ತು. ಅದಕ್ಕೇ "ದೊಡ್ಡದು ಮಾಡು" ಅನ್ನುವುದು. ಬಳೆ ಒಡೆದರೆ "ಹೆಚ್ಚಿತು" ಅನ್ನುತ್ತಾಳೆ. ಮನೆಯಿಂದ ಹೊರಟವರು "ಹೋಗ್ತೀನಿ" ಅನ್ನಕೂಡದು, "ಬರ್ತೀನಿ" ಅನ್ನಬೇಕು. ಆಡುವುದೊಂದು, ಅರ್ಥ ಇನ್ನೊಂದು. ಆದರೂ ಎದುರಿಗಿದ್ದವರಿಗೆ ಸರಿಯಾಗಿಯೇ ತಲುಪುತ್ತದೆ. ಪುಟ್ಟಿ ಎಲ್ಲ ಕೇಳಿ, "ಹಾಗಾದ್ರೆ ದೊಡ್ಡಜ್ಜಿಗೆ ದೀಪ ನಿಜವಾಗ್ಲೂ ದೊಡ್ಡದು ಬೇಕಾದ್ರೆ ಏನು ಹೇಳ್ತಾರೆ?" ಎಂದು ಕೇಳಿದಳು. ಇದಕ್ಕೆ ನನ್ನ ಹತ್ತಿರವೂ ಉತ್ತರವಿರಲಿಲ್ಲ. ಅಮ್ಮನೇ ಹೇಳಿದಳು: "ನಮ್ಮ ಕಾಲದಲ್ಲಿ ಬತ್ತಿ ಏರಿಸು ಅಂತಿದ್ವಿ."

ಲಾಂದ್ರದ ಗಾಜನ್ನು ದಿನಾ ಸಂಜೆ ಬೂದಿ ಹಾಕಿ ಒರೆಸಿ, ಬತ್ತಿ ಕತ್ತರಿಸಿ, ಸೀಮೆಎಣ್ಣೆ ಅಳೆದು ಹಾಕಿ ಬೆಳೆದವಳು ಆಕೆ. ಅವಳ ಹಳ್ಳಿಗೆ ಕರೆಂಟು ಬಂದದ್ದು ಅವಳ ಮದುವೆಯಾದ ಮೇಲೆ. ಶಿವನಸಮುದ್ರದಲ್ಲಿ ಕಾವೇರಿ ಧುಮುಕಿ ಕರೆಂಟು ಹುಟ್ಟಿದ್ದು 1902ರಲ್ಲಿ. ಆದರೆ ಆ ಕರೆಂಟು ಪಕ್ಕದ ಹಳ್ಳಿಗಳ ಮುಖ ನೋಡದೆ ತಂತಿ ಹಿಡಿದು ಸೀದಾ ಕೋಲಾರದ ಚಿನ್ನದ ಗಣಿಗೆ ಓಡಿತು. 1905ರ ಆಗಸ್ಟಿನಲ್ಲಿ ಬೆಂಗಳೂರಿನ ಮಾರುಕಟ್ಟೆಯ ಹತ್ತಿರ ಬೀದಿದೀಪವಾಗಿ ಬೆಳಗಿತು. ಮೊದಲು ಚಿನ್ನ, ಆಮೇಲೆ ಪೇಟೆ, ಕಟ್ಟಕಡೆಗೆ ನಮ್ಮಮ್ಮನ ಹಳ್ಳಿ. ಬುದ್ಧಿವಂತ ದೀಪ ಮಾತ್ರ ಅಷ್ಟು ಕಾಯಿಸದೆ, ಕರೆಯದೆಯೇ ಮನೆಗೆ ಬಂತು ನೋಡಿ.

ನಾನು ಕೂರುವ ಕುರ್ಚಿಯಿಂದ ಸ್ವಿಚ್ಚಿಗೆ ನಾಲ್ಕು ಹೆಜ್ಜೆ. ನಾನು ಕೂತಲ್ಲಿಂದಲೇ ಅಪ್ಪಣೆ ಕೊಟ್ಟರೆ ಏನಾಗುತ್ತದೆ ಎಂದು ಮಗ ಕಾಗದದ ಮೇಲೆ ಚಿತ್ರ ಬರೆದು ತೋರಿಸಿದ. ನನ್ನ ಮಾತು ಡಬ್ಬಿಗೆ, ಡಬ್ಬಿಯಿಂದ ವೈಫೈಗೆ, ವೈಫೈಯಿಂದ ಬೀದಿಯ ಕೇಬಲ್ಲಿಗೆ, ಅಲ್ಲಿಂದ ಎಷ್ಟೋ ನೂರು ಮೈಲಿ ದೂರದ ಕಂಪ್ಯೂಟರ್ ಕೊಠಡಿಗೆ. ಅಲ್ಲಿ ಮಾತಿನ ಅರ್ಥ ಬಿಡಿಸಿ, ಬಲ್ಬಿನ ಕಂಪನಿಯ ಇನ್ನೊಂದು ಕಂಪ್ಯೂಟರಿಗೆ ಹೇಳಿ, ಅದು ಮತ್ತೆ ನಮ್ಮ ಬೀದಿಗೆ, ನಮ್ಮ ವೈಫೈಗೆ, ಕೊನೆಗೆ ನನ್ನ ತಲೆಯ ಮೇಲಿನ ಬಲ್ಬಿಗೆ! ಎದುರು ಮನೆಗೆ ಮಜ್ಜಿಗೆ ಕೇಳಲು ಕಾಶಿಗೆ ಹೋಗಿ ಬಂದ ಹಾಗೆ. ಇಷ್ಟೆಲ್ಲ ಒಂದೆರಡು ಸೆಕೆಂಡಿನಲ್ಲಿ ಆಗುತ್ತದೆ ಎನ್ನುವುದು ಸೋಜಿಗವೇ. ಆದರೆ ದಾರಿಯಲ್ಲಿ ಎಲ್ಲೋ ಒಬ್ಬ ಪುಣ್ಯಾತ್ಮ ಒಳಚರಂಡಿಗೆಂದು ಅಗೆದು ಕೇಬಲ್ ಕತ್ತರಿಸಿದರೆ, ಕರೆಂಟು ಇದ್ದೂ, ಬಲ್ಬು ಇದ್ದೂ, ನಾನು ಕತ್ತಲಲ್ಲಿ ಕೂತು ಕೂಗುತ್ತಿರಬೇಕು. ನಮ್ಮೂರ ಅರಮನೆಗೆ ಸುಮಾರು ಒಂದು ಲಕ್ಷ ಬಲ್ಬು. ಭಾನುವಾರ ಸಂಜೆ ಏಳಾಗುತ್ತಿದ್ದಂತೆ ಜನ "ಓ" ಅನ್ನುವಷ್ಟರಲ್ಲಿ ಅಷ್ಟೂ ಬೆಳಗುತ್ತವೆ. ಹನ್ನೊಂದು ಬಲ್ಬಿನ ಯಜಮಾನ ನಾನು ಮಾತ್ರ "ಹಾಲ್, ಹಾಲ್" ಎಂದು ಹಾಲಿನವನನ್ನು ಕರೆಯುವ ಹಾಗೆ ಕರೆಯುತ್ತಿದ್ದೆ.

ಗೋಡೆಯ ಸ್ವಿಚ್ಚಿನ ಕತೆಗೆ ಬರೋಣ. ಬುದ್ಧಿವಂತ ಬಲ್ಬಿನ ಮೊದಲನೇ ಷರತ್ತು: ಗೋಡೆಯ ಸ್ವಿಚ್ಚು ಸದಾ ಆನ್ ಆಗಿಯೇ ಇರಬೇಕು. ಸ್ವಿಚ್ಚು ತೆಗೆದರೆ ಬಲ್ಬಿಗೆ ಪ್ರಾಣವೇ ಇಲ್ಲ, ಇನ್ನು ಕೇಳಿಸಿಕೊಳ್ಳುವುದೆಲ್ಲಿ? ಈ ಷರತ್ತನ್ನು ನನ್ನ ಹೆಂಡತಿಗೆ ವಿವರಿಸಲು ಹೋದೆ. ರೂಮಿನಿಂದ ಹೊರಗೆ ಬರುವಾಗ ಲೈಟ್ ತೆಗೆದು ಬರಬೇಕು ಎಂದು ಮೂವತ್ತೈದು ವರ್ಷ ನನಗೇ ಪಾಠ ಹೇಳಿದವಳು ಅವಳು. "ಏನ್ರೀ, ಲೈಟ್ ಆರಿಸಬೇಕು ಅಂದ್ರೆ ಸ್ವಿಚ್ ತೆಗೀಬಾರದಾ? ಇದೆಂಥ ನ್ಯಾಯ?" ಎಂದಳು. ಮಗ ಸ್ವಿಚ್ಚುಗಳಿಗೆಲ್ಲ ಟೇಪು ಅಂಟಿಸಿ ಹೋದ. ಕೆಲಸಕ್ಕೆ ಬರುವಾಕೆ ಮಾರನೇ ದಿನ, "ಯಾರೋ ಮಕ್ಕಳು ಅಂಟಿಸವ್ರೆ ಅಮ್ಮಾ" ಎಂದು ಒಂದೂ ಬಿಡದೆ ಕಿತ್ತು, ಬೋರ್ಡುಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿಟ್ಟಳು. ಅಂದಿನಿಂದ ಮನೆಯ ದೀಪಗಳಿಗೆ ಮೂರು ಸ್ಥಿತಿ: ಉರಿಯುವುದು, ಆರಿರುವುದು, "ಆಫ್‌ಲೈನ್" ಆಗಿರುವುದು. ಮೂರನೆಯದು ಮುನಿಸಿಕೊಂಡು ತವರಿಗೆ ಹೋದ ಹಾಗೆ. ಮತ್ತೆ ಕರೆಸಿಕೊಳ್ಳಬೇಕಾದರೆ ಬಲ್ಬನ್ನು ಐದು ಸಲ ಹಾಕಿ ತೆಗೆದು ಮಾಡಿ, ಅದು ಕಣ್ಣು ಮಿಟುಕಿಸುವವರೆಗೆ ಕಾದು, ಪಾಸ್‌ವರ್ಡ್ ಕೊಟ್ಟು ಬೇಡಿಕೊಳ್ಳಬೇಕು.

ಈ ಹಾಕು-ತೆಗೆಯಲ್ಲಿ ಹೆಚ್ಚು ಕಷ್ಟವಾದದ್ದು ಅಮ್ಮನ ಕೈಗೆ. ಸಂಜೆ ದೀಪ ಹತ್ತಿದೊಡನೆ ಕೈ ಮುಗಿಯುವುದು ಅವಳ ಅಭ್ಯಾಸ. ಲಾಂದ್ರಕ್ಕೂ ಮುಗಿದಿದ್ದಾಳೆ, ಬಲ್ಬಿಗೂ ಮುಗಿದಿದ್ದಾಳೆ, ಟ್ಯೂಬ್‌ಲೈಟು ಮಿಣಮಿಣ ಎಂದು ತಡ ಮಾಡಿದರೂ ಕಾದು ಮುಗಿದಿದ್ದಾಳೆ. ನಾನು ಬಲ್ಬನ್ನು ವೈಫೈಗೆ ಸೇರಿಸಲು ಐದು ಸಲ ಹಾಕಿ ತೆಗೆದರೆ ಅಮ್ಮ ಐದು ಸಲವೂ ಕೈ ಮುಗಿದಳು. ಐದನೆಯ ಸಲ "ಏನೋ ಇದು, ಮಂಗಳಾರತಿನೇನೋ?" ಎಂದು ಕೇಳಿದಳು.

ಇನ್ನು ನನ್ನ ಸ್ವಂತ ಗೋಳು. ನನಗೆ ಸಕ್ಕರೆ ಕಾಯಿಲೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ಅಡುಗೆಮನೆಯ ಮೇಲಿನ ಗೂಡಿನಲ್ಲಿರುವ ಡಬ್ಬಿಯನ್ನು ನಾನು ಒಮ್ಮೊಮ್ಮೆ ವಿಚಾರಿಸಿಕೊಂಡು ಬರುವುದುಂಟು. ಎರಡೇ ಕೋಡುಬಳೆ, ಬೆಲ್ಲದ ಮಿಠಾಯಿ ಇದ್ದರೆ ಒಂದು ಚೂರು. ಇಷ್ಟು ವರ್ಷ ಇದಕ್ಕೆ ಸಾಕ್ಷಿ ಇರಲಿಲ್ಲ. ಒಂದು ಭಾನುವಾರ ಬೆಂಗಳೂರಿನಿಂದ ಮಗನ ಫೋನು. "ಅಪ್ಪಾ, ಬುಧವಾರ ರಾತ್ರಿ 11.40ಕ್ಕೆ ಕಿಚನ್ ಲೈಟ್ ನಾಲ್ಕು ನಿಮಿಷ ಆನ್ ಆಗಿತ್ತಲ್ಲ? ಶುಕ್ರವಾರ ಆರು ನಿಮಿಷ. ಏನಾದ್ರೂ ಪ್ರಾಬ್ಲಮ್ಮಾ?" ಫೋನು ಸ್ಪೀಕರಿನಲ್ಲಿತ್ತು. ಪಕ್ಕದಲ್ಲಿ ಹೆಂಡತಿ ಇದ್ದಳು. ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಯನ್ನು ನಂಬಿ ಬದುಕಿದವನು ನಾನು, ಆ ಗಾದೆಯೂ ಹೋಯಿತು. ಮುಂದಿನ ವಾರದಿಂದ ಕತ್ತಲಲ್ಲೇ ತಡಕಿಕೊಂಡು ಹೋಗತೊಡಗಿದೆ. ಲಕ್ಷಣವಾದ ಹನ್ನೊಂದು ಬಲ್ಬಿನ ಮನೆಯಲ್ಲಿ ಕತ್ತಲನ್ನು ಹುಡುಕಿಕೊಂಡು ಹೋದವನು ನಾನೊಬ್ಬನೇ ಇರಬೇಕು. ಒಂದು ರಾತ್ರಿ ಕೋಡುಬಳೆ ಎಂದು ಬಾಯಿಗಿಟ್ಟುಕೊಂಡದ್ದು ಬಾಳಕದ ಮೆಣಸಿನಕಾಯಿ.

ಬಣ್ಣದ ವಿಚಾರವನ್ನೂ ಹೇಳಿಬಿಡುತ್ತೇನೆ. ಈ ಬಲ್ಬು ಕೊಡುವ ಬಣ್ಣಗಳ ಸಂಖ್ಯೆ ಒಂದು ಕೋಟಿ ಅರವತ್ತೇಳು ಲಕ್ಷ ಎಂದು ಡಬ್ಬದ ಮೇಲೆ ಬರೆದಿತ್ತು. ಕೆಂಪು, ಹಸಿರು, ನೀಲಿ ಒಂದೊಂದಕ್ಕೂ 256 ಮೆಟ್ಟಿಲು, ಮೂರನ್ನೂ ಗುಣಿಸಿದರೆ ಅಷ್ಟಾಗುತ್ತದೆ. ಅದರಲ್ಲಿ ನಮ್ಮ ಮನೆಗೆ ಬೇಕಾದದ್ದು ಎರಡು: ಬಿಳಿ, ಸ್ವಲ್ಪ ಹಳದಿ. ಬಿಳಿಗೆ 6500 ಕೆಲ್ವಿನ್ ಅಂತೆ, ಹಳದಿಗೆ 2700 ಅಂತೆ. ನೋಡಲು ಹಳದಿಯೇ ಬಿಸಿ, ಲೆಕ್ಕದಲ್ಲಿ ಬಿಳಿಯೇ ಬಿಸಿ. ಮಗ ಸಂಜೆ ಆರರ ಮೇಲೆ ತಾನಾಗಿಯೇ ದೀಪಗಳು "ಸೂರ್ಯಾಸ್ತ" ಆಗುವ ಹಾಗೆ ಮಾಡಿಟ್ಟಿದ್ದ. ಆ ಕೆಂಪಿನಲ್ಲಿ ನನ್ನ ಹೆಂಡತಿಗೆ ಅಕ್ಕಿಯಲ್ಲಿ ಕಲ್ಲು ಕಾಣದು, ಸೊಪ್ಪಿನಲ್ಲಿ ಹುಳು ಕಾಣದು. ಅಂಗಡಿಯಲ್ಲಿ ಸೀರೆಯನ್ನು ಬಾಗಿಲ ತನಕ ತಂದು ಬಿಸಿಲಿಗೆ ಹಿಡಿದು ನೋಡಿಯೇ ಕೊಳ್ಳುವವಳು, ಆ ದೀಪದ ಕೆಳಗೆ ಕನಕಾಂಬರ ಬಣ್ಣದ ಮೈಸೂರು ಸಿಲ್ಕಿಗೆ ಮರೂನ್ ರವಿಕೆ ಹಾಕಿಕೊಂಡು ಒಂದು ಆರತಕ್ಷತೆಗೆ ಹೋಗಿಬಿಟ್ಟಳು. ಛತ್ರದ ಬೆಳಕಿನಲ್ಲಿ ಸತ್ಯ ಗೊತ್ತಾಯಿತು. ಮನೆಗೆ ಬಂದವಳು ಡಬ್ಬಿಯ ಜೊತೆ ಮಾತು ಬಿಟ್ಟಳು. ನನ್ನ ಜೊತೆಗೂ.

ಇಷ್ಟಾದರೂ ಸಹಿಸಿಕೊಂಡಿದ್ದೆ. ಕೊನೆಯ ಅಂಕ ಬಂದದ್ದು ಒಂದು ಮಳೆಯ ರಾತ್ರಿ. ಗಾಳಿ ಜೋರಾಗಿತ್ತು, ಕರೆಂಟು ಹೋಯಿತು. ನಾವು ನಿದ್ದೆಯಲ್ಲಿದ್ದೆವು. ಎರಡೂವರೆಗೆ ಕರೆಂಟು ಬಂತು. ಈ ಬಲ್ಬುಗಳಿಗೆ ಹುಟ್ಟುಗುಣ ಒಂದಿದೆ: ಬೇರೆ ಹೇಳಿಡದಿದ್ದರೆ, ಹೋದ ಕರೆಂಟು ಮರಳಿದೊಡನೆ ಪೂರ್ತಿ ಬೆಳಕಿನಲ್ಲಿ ಉರಿದು ನಿಲ್ಲುವುದು. ಅದಕ್ಕೂ ಒಂದು ಸಮರ್ಥನೆ ಇದೆ. ಹಾಗಿಲ್ಲದಿದ್ದರೆ ಗೋಡೆಯ ಸ್ವಿಚ್ಚು ಹಾಕಿದರೂ ದೀಪ ಹತ್ತದೆ ಜನ ಒದ್ದಾಡುತ್ತಾರೆ. ಹೊಂದಿಸಿಡಬೇಕಿತ್ತು, ನಾವು ಹೊಂದಿಸಿರಲಿಲ್ಲ. ಹನ್ನೊಂದೂ ಬಲ್ಬು ಒಂದೇ ಏಟಿಗೆ ಧಗ್ಗೆಂದವು. ನಡುಮನೆ, ಅಡುಗೆಮನೆ, ವರಾಂಡ, ಹಿತ್ತಲು ಎಲ್ಲೆಲ್ಲೂ ಹಗಲು.

ಅಮ್ಮ ಬೆಳಗಾಯಿತೆಂದು ಎದ್ದು ಕೂತಳು. ದೇವರ ಹೆಸರು ಹೇಳಿಕೊಂಡು ಮುಖ ತೊಳೆದು ಕುಂಕುಮ ಇಟ್ಟುಕೊಂಡಳು. ನಾನು ಫೋನಿನಲ್ಲಿ ದೀಪ ಆರಿಸಲು ನೋಡಿದೆ, ವೈಫೈ ಡಬ್ಬಿ ಇನ್ನೂ ಕಣ್ಣು ಬಿಡುತ್ತಿತ್ತು. ಅಷ್ಟರಲ್ಲಿ ಗೇಟಿನ ಸದ್ದು. ಬಾಗಿಲು ತೆಗೆದವಳು ಅಮ್ಮ. ಹೊರಗೆ ಎದುರುಮನೆಯವರು. ಹೆಗಲ ಮೇಲೆ ಟವೆಲು, ಕೈಯಲ್ಲಿ ಟಾರ್ಚು, ಮುಖ ಸಪ್ಪಗೆ. ಹಿಂದೆ ಅವರ ಮಗ, ಕಾರಿನ ಕೀಲಿ ಹಿಡಿದುಕೊಂಡು. ನಡುರಾತ್ರಿಯಲ್ಲಿ ಒಂದು ಮನೆಯ ಎಲ್ಲ ದೀಪವೂ ಉರಿದರೆ, ಅದರಲ್ಲೂ ಆ ಮನೆಯಲ್ಲಿ 84ರ ಮುದುಕಿ ಇದ್ದರೆ, ನಮ್ಮ ಬೀದಿಯಲ್ಲಿ ಅದಕ್ಕೆ ಒಂದೇ ಅರ್ಥ.

ಅವರು ಅಮ್ಮನನ್ನು ನೋಡಿದರು. ಅಮ್ಮ ಅವರನ್ನು ನೋಡಿದಳು. "ಏನಪ್ಪಾ, ಇಷ್ಟು ಬೆಳಿಗ್ಗೆ?" ಎಂದಳು.

ಪಾಪ, ಅವರಿಗೆ ಬಾಯಿ ಬರಲಿಲ್ಲ. "ಏನಿಲ್ಲಮ್ಮಾ... ಚೆನ್ನಾಗಿದ್ದೀರಾ ಅಂತ ಕೇಳಿಕೊಂಡು ಹೋಗೋಣ ಅಂತ..." ಎಂದರು. ಅಮ್ಮನಿಗೆ ಕ್ಷಣದಲ್ಲಿ ಎಲ್ಲ ಹೊಳೆಯಿತು, ಟವೆಲಿನ ಸಮೇತ. "ಚೆನ್ನಾಗಿದ್ದೀನಪ್ಪಾ. ಇನ್ನೂ ಟೈಮಿದೆ. ಬಂದಿದ್ದೀಯ, ಕಾಫಿ ಕುಡ್ಕೊಂಡು ಹೋಗು" ಎಂದಳು. ರಾತ್ರಿ ಮೂರು ಗಂಟೆಗೆ ಐದು ಜನ ಕೂತು ಕಾಫಿ ಕುಡಿದೆವು. ಬೆಳಕಿಗೇನೂ ಕೊರತೆಯಿರಲಿಲ್ಲ.

ಮಾರನೇ ದಿನ ಹೆಂಡತಿ ಲೆಕ್ಕದ ಪುಸ್ತಕ ತೆಗೆದಳು. ಈ ಬಲ್ಬು ಆರಿದ್ದಾಗಲೂ ನಮ್ಮ ಕರೆಗಾಗಿ ಕಿವಿ ತೆರೆದಿರಲು ಹೆಚ್ಚುಕಡಿಮೆ ಅರ್ಧ ವ್ಯಾಟು ತಿನ್ನುತ್ತದೆ. ಹನ್ನೊಂದು ಬಲ್ಬು, ದಿನಕ್ಕೆ 24 ಗಂಟೆ, ತಿಂಗಳಿಗೆ 30 ದಿನ: ಹತ್ತಿರ ಹತ್ತಿರ 4 ಯೂನಿಟ್. ಅದೇ ಕರೆಂಟಿನಲ್ಲಿ 9 ವ್ಯಾಟಿನ ಒಂದು ಸಾದಾ ಎಲ್‌ಇಡಿ 440 ಗಂಟೆ ಉರಿಯುತ್ತದೆ. "ಕೆಲಸ ಮಾಡದೆ ಕೂತು ತಿನ್ನೋಕೆ ಮನೇಲಿ ನೀವೊಬ್ಬರಿಲ್ವೇ?" ಎಂದಳು. ಮಗನಿಗೆ ಫೋನು ಮಾಡಿದೆ. ಅವನೂ ಪ್ರಾಮಾಣಿಕ, ಇನ್ನೊಂದು ಕತೆ ತಾನೇ ಹೇಳಿದ. ಅಮೆರಿಕದ ಇನ್‌ಸ್ಟಿಯಾನ್ ಎಂಬ ಕಂಪನಿ 2022ರ ಏಪ್ರಿಲ್‌ನಲ್ಲಿ ಯಾರಿಗೂ ಹೇಳದೆ ಕೇಳದೆ ತನ್ನ ಕಂಪ್ಯೂಟರುಗಳನ್ನು ನಿಲ್ಲಿಸಿತಂತೆ. ಅದನ್ನು ನಂಬಿ ಮನೆಗೆ ದೀಪದ ವ್ಯವಸ್ಥೆ ಮಾಡಿಸಿಕೊಂಡವರ ಆ್ಯಪ್ ಒಂದೇ ದಿನಕ್ಕೆ ಮೂಕವಾಯಿತು. ಕೊನೆಗೆ ಬಳಕೆದಾರರೇ ಕೆಲವರು ಸೇರಿ ಕಂಪನಿಯನ್ನು ಕೊಂಡು ಮತ್ತೆ ನಡೆಸಬೇಕಾಯಿತು. ದೀಪ ಹಚ್ಚಲು ಕಂಪನಿ ಕೊಳ್ಳುವಷ್ಟು ಪಿಂಚಣಿ ನನಗೆ ಬರುವುದಿಲ್ಲ.

ಹಾಗೆಂದು ಬುದ್ಧಿವಂತ ದೀಪವೇ ಕೆಟ್ಟದ್ದು ಎನ್ನುತ್ತಿಲ್ಲ. ಹಾಸಿಗೆ ಬಿಟ್ಟು ಏಳಲಾರದವರಿಗೆ, ಕಣ್ಣು ಸರಿಯಾಗಿ ಕಾಣದವರಿಗೆ ಒಂದು ಮಾತಿಗೆ ದೀಪ ಹತ್ತುವುದು ವರವೇ. ನಮ್ಮಲ್ಲಿ ತಪ್ಪಿದ್ದು ಬೇರೆ ಕಡೆ. ಅಮ್ಮನಿಗಾಗಿ ತಂದ ದೀಪ ಅಮ್ಮನ ಭಾಷೆಯನ್ನೇ ಕಲಿತಿರಲಿಲ್ಲ. ಮನೆಯ ದೀಪ ಎಂದ ಮೇಲೆ ಮುದುಕಿಗೂ ಮಗುವಿಗೂ ಕೆಲಸದಾಕೆಗೂ ಬಂದ ನೆಂಟನಿಗೂ ಹಚ್ಚಲು ಬರಬೇಕು. ಒಬ್ಬನ ಫೋನಿನಲ್ಲಿ ಮಾತ್ರ ಹತ್ತುವುದು ಆ ಒಬ್ಬನ ದೀಪ, ಮನೆಯದಲ್ಲ. ಗೋಡೆಯ ಸ್ವಿಚ್ಚನ್ನು ದಡ್ಡ ಎಂದು ಬೈದೆನಲ್ಲ, ಅದಕ್ಕೆ ಎಲ್ಲರ ಬೆರಳಿನ ಭಾಷೆಯೂ ಗೊತ್ತಿತ್ತು.

ಈಗ ಹತ್ತು ಬಲ್ಬು ಮತ್ತೆ ರಟ್ಟಿನ ಪೆಟ್ಟಿಗೆ ಸೇರಿ ಅಟ್ಟದ ಮೇಲಿವೆ. ಹನ್ನೊಂದನೆಯದು ಪುಟ್ಟಿಯ ಕೋರಿಕೆಯ ಮೇಲೆ ಅವಳು ಬಂದಾಗ ಮಲಗುವ ಕೋಣೆಯಲ್ಲಿ ಉಳಿದಿದೆ, ಅವಳಿಗೆ ಅದರಲ್ಲಿ ಗುಲಾಬಿ ಬಣ್ಣ ಬರಬೇಕು. ಅಮ್ಮನ ಕೋಣೆಯಿಂದ ಬಚ್ಚಲಿಗೆ ಹೋಗುವ ದಾರಿಗೆ ಸಂತೇಪೇಟೆಯಿಂದ ಒಂದು ಸಾದಾ ಸೆನ್ಸರ್ ಬಲ್ಬು ತಂದು ಹಾಕಿದೆ. ಅದಕ್ಕೆ ವೈಫೈ ಬೇಡ, ಹೆಸರು ಬೇಡ, ಪಾಸ್‌ವರ್ಡ್ ಬೇಡ. ಮನುಷ್ಯರ ಮೈಯ ಬಿಸಿ ಕಂಡರೆ ಹತ್ತಿಕೊಳ್ಳುತ್ತದೆ, ಅವರು ದಾಟಿ ಹೋದರೆ ಸ್ವಲ್ಪ ಹೊತ್ತಿನಲ್ಲಿ ತಾನೇ ದೊಡ್ಡದಾಗುತ್ತದೆ. ಅಮ್ಮ ರಾತ್ರಿ ಎದ್ದಾಗ ಅದಕ್ಕೂ ಒಂದು ಸಲ ಕೈ ಮುಗಿಯುತ್ತಾಳೆ. "ಇದಕ್ಕೆ ಬುದ್ಧಿ ಇದೆ ನೋಡು. ಬಾಯಿಲ್ಲ" ಎನ್ನುತ್ತಾಳೆ.

ನೀವೂ ಹಾಕಿಸುವವರಿದ್ದರೆ ನನ್ನದು ಎರಡೇ ಮಾತು. ಗೋಡೆಯ ಸ್ವಿಚ್ಚು ಕೀಳಿಸಬೇಡಿ. ಮತ್ತೆ, ಅಡುಗೆಮನೆಯ ದೀಪವನ್ನು ಯಾವ ಕಾರಣಕ್ಕೂ ಮಗನ ಫೋನಿಗೆ ಸೇರಿಸಬೇಡಿ.

ಗಂಟೆ ಹನ್ನೊಂದೂ ನಲವತ್ತಾಯಿತು. ಎಲ್ಲರೂ ಮಲಗಿದ್ದಾರೆ. ಎದ್ದು ನಾಲ್ಕು ಹೆಜ್ಜೆ ನಡೆದು ದೀಪ ದೊಡ್ಡದು ಮಾಡುತ್ತೇನೆ. ಅಡುಗೆಮನೆಯ ಕಡೆ ಸ್ವಲ್ಪ ಕೆಲಸವಿದೆ. ಬರ್ತೀನಿ.